ಬಂದ್ ಮನೆಗೆ ಭಟ್ಟರು ಹೇಳಿದ ಬೆಲೆ

ಭಟ್ಟರ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಅಂಗಿ ಹಾಕಿಕೊಂಡಾಗ ಅಷ್ಟು ಗೊತ್ತಾಗುತ್ತಿರಲಿಲ್ಲ. ಪೂಜೆಗೆ ಕೂತು ಶಲ್ಯ ತೆಗೆದಿಟ್ಟರೆ ಆ ಹೆಗಲ ಮೇಲೆ ಕಪ್ಪಗೆ ಜಡ್ಡುಗಟ್ಟಿದ ಪಟ್ಟೆಯೊಂದು ಕಾಣುತ್ತಿತ್ತು. ಅದು ಇಟ್ಟಿಗೆ ಚೀಲದ ಪಟ್ಟಿ ಕೂತು ಕೂತು ಆದ ಗುರುತು.

ಪುರೋಹಿತರಿಗೇಕೆ ಇಟ್ಟಿಗೆ ಎಂದು ಕೇಳಬೇಡಿ. ಫ್ಲಾಟಿನ ನೆಲದ ಮೇಲೆ ನೇರವಾಗಿ ಹೋಮ ಮಾಡಿದರೆ ಟೈಲ್ಸ್ ಬಿರಿಯುತ್ತದೆ. ಮರಳು ಹಾಸಿ ಸುತ್ತ ಇಟ್ಟಿಗೆ ಇಡಬೇಕು. ಮೊದಮೊದಲು ಇವರು ಫೋನು ಮಾಡಿ ‘ಇಟ್ಟಿಗೆ ತಂದಿಡಿ’ ಎನ್ನುತ್ತಿದ್ದರಂತೆ. ಒಬ್ಬರು ಗೋಡೆಗೆ ಅಂಟಿಸುವ ಡಿಸೈನ್ ಇಟ್ಟಿಗೆ ತಂದಿಟ್ಟರು, ಇನ್ನೊಬ್ಬರು ಕಾಂಕ್ರೀಟಿನ ದೊಡ್ಡ ಬ್ಲಾಕು ತಂದಿಟ್ಟರು, ಮತ್ತೊಬ್ಬರು ಮರೆತೇಬಿಟ್ಟರು. ಈ ಜನರ ಸಹವಾಸವೇ ಬೇಡವೆಂದು ಭಟ್ಟರು ಚೆನ್ನಾಗಿ ಸುಟ್ಟ ಕೆಂಪು ಇಟ್ಟಿಗೆಗಳನ್ನು ಆರಿಸಿ ತಂದು, ಹಳೆಯ ಪಂಚೆಯಲ್ಲಿ ಸುತ್ತಿ, ರೆಕ್ಸಿನ್ ಚೀಲದಲ್ಲಿ ಹೊತ್ತು ತಿರುಗತೊಡಗಿದರು. ಠಾಣೆಯಿಂದ ಟಿಟ್ವಾಳಾವರೆಗೆ, ಆ ಕಡೆ ನವಿ ಮುಂಬಯಿಯ ಕೊನೆಯವರೆಗೆ, ಕನ್ನಡದವರು, ತುಳುವಿನವರು ಎಲ್ಲಿ ಮನೆ ಕೊಂಡರೂ ಗೃಹಪ್ರವೇಶಕ್ಕೆ ಆ ಇಟ್ಟಿಗೆಗಳೇ ಹೋಗಬೇಕು. ಲೋಕಲ್ ಟ್ರೈನಿನ ಗರ್ದಿಯಲ್ಲಿ ಆ ಚೀಲ ಯಾರದೋ ಮೊಣಕಾಲಿಗೆ ಬಡಿಯುವುದು, ಅವರು ಬೈಯುವುದು, ಇವರು ಕೈಮುಗಿಯುವುದು ದಿನದ ಮಾತಾಗಿತ್ತು.

ಒಮ್ಮೆ ಠಾಣೆ ಸ್ಟೇಷನ್ನಿನಲ್ಲಿ ಪೊಲೀಸಿನವನು ಚೀಲ ಬಿಚ್ಚಿಸಿದ. ಜುಟ್ಟು, ಗಂಧ, ಚೀಲದ ತುಂಬ ಇಟ್ಟಿಗೆ. ‘ಪಂಡಿತ್‌ಜೀ, ಯಾರ ತಲೆ ಒಡೆಯಲು ಹೊರಟಿರಿ?’ ಎಂದು ಹಿಂದಿಯಲ್ಲಿ ಗದರಿಸಿದನಂತೆ. ಭಟ್ಟರು ತಮ್ಮ ಹರಕು ಹಿಂದಿಯಲ್ಲಿ, ‘ಮನೆ ಕಟ್ಲಿಕ್ಕೆ ಹೋಗ್ತಾ ಇದ್ದೇನೆ ಸಾಹೇಬ್ರೇ. ಮಧ್ಯಾಹ್ನದೊಳಗೆ ಕಟ್ಟಿ, ಬಿಚ್ಚಿ, ವಾಪಸು ತರ್ತೇನೆ’ ಎಂದರಂತೆ. ಇದನ್ನು ಅವರು ಎಲ್ಲರ ಮನೆಯಲ್ಲೂ ಹೇಳಿ ನಗಿಸುತ್ತಿದ್ದರು. ನಾನೂ ನಕ್ಕಿದ್ದೇನೆ. ಆ ಮಾತು ಹೇಳುತ್ತಿದ್ದವರಿಗೆ ಸ್ವಂತ ಮನೆ ಇಲ್ಲ ಎಂಬುದು ಗೊತ್ತಾದ ಮೇಲೆ ನಗು ಬರಲಿಲ್ಲ.

ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು ಇಲ್ಲಿನವಳೇ ಆಗಿಹೋಗಿದ್ದೇನೆ. ಬಾಯಿ ಸ್ವಲ್ಪ ಜೋರು ಎಂದು ಮನೆಯವರೇ ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಉಡುಪಿ ಕಡೆಯ ಭಟ್ಟರ ಸಣ್ಣ ದನಿಗೂ ನನ್ನ ಗಂಟಲಿಗೂ ಅಜಗಜಾಂತರ. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರಾದರೂ ನಮ್ಮ ಕಡೆಯ ಮಾತನ್ನು ಅಣಕಿಸುತ್ತ ನನ್ನನ್ನು ‘ಅಕ್ಕಾವ್ರೇ’ ಎಂದು ಕರೆಯುತ್ತಿದ್ದರು. ಅವರ ಹೆಂಡತಿಯನ್ನು ನಾನು, ನಮ್ಮ ಕಡೆ ಚಿಕ್ಕಮ್ಮನಿಗೆ ಅನ್ನುವಂತೆ, ಕಾಕು ಎನ್ನುತ್ತಿದ್ದೆ. ಮಕ್ಕಳಿಲ್ಲದ ಜೋಡಿ.

ನಮ್ಮ ಮನೆಯ ಗೃಹಪ್ರವೇಶಕ್ಕೂ ಅವರೇ ಬಂದದ್ದು. ಆ ದಿನವೂ ಲಿಫ್ಟ್ ಕೆಟ್ಟಿತ್ತು. ಇಟ್ಟಿಗೆ ಹೊತ್ತು ಮೂರನೆಯ ಮಾಳಿಗೆ ಹತ್ತಿ ಬಂದ ಭಟ್ಟರಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಪೂಜೆ ಮುಗಿಸಿ, ನನ್ನನ್ನೂ ನನ್ನ ಗಂಡನನ್ನೂ ಹೊಸಿಲ ಹತ್ತಿರ ನಿಲ್ಲಿಸಿಕೊಂಡು ಹೇಳಿದರು: ‘ಅಕ್ಕಾವ್ರೇ, ಇದು ಇನ್ನು ನಿಮ್ಮ ಹೊಸಿಲು. ಇದರ ಒಳಗೆ ಹುಟ್ಟಿ, ಸಾಯಿರಿ, ಜಗಳ ಮಾಡಿ. ಯಾರ ಅಪ್ಪಣೆಯೂ ಬೇಡ.’

ನಮ್ಮತ್ತೆಯ ಮುಖ ಬಿಳುಚಿಕೊಂಡಿತು. ನಾನು ಬಿಡಲಿಲ್ಲ. ‘ಏನ್ರೀ ಭಟ್ರ, ಒಳಗ ಕಾಲಿಡೋದ್ರಾಗ ಸಾಯೂ ಮಾತ ಆಡ್ತೀರಲ್ಲ!’

‘ತಪ್ಪು ತಿಳಿಬೇಡಿ. ಬಾಡಿಗೆ ಮನೆಯಲ್ಲಿ ಇರುವವನಿಗೆ ಮೊದಲು ನೆನಪಾಗುದು ಅದೇ’ ಎಂದು ನಕ್ಕು ಬಿಸಿ ಇಟ್ಟಿಗೆಗಳಿಗೆ ನೀರು ಚಿಮುಕಿಸಿದರು.

ಆ ಮಾತಿನ ಹಿಂದಿನ ಕಥೆಯನ್ನು ಕಾಕು ಒಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆ ಬಿಡಬೇಕು ಎನ್ನುವ ನಂಬಿಕೆ ನಮ್ಮವರಲ್ಲಿದೆ. ಧನಿಷ್ಠೆಯಿಂದ ರೇವತಿಯವರೆಗಿನ ಐದಕ್ಕೆ ಪಂಚಕ ಎನ್ನುತ್ತಾರೆ. ಆ ದಿನಗಳಲ್ಲಿ ಮನೆಯೊಳಗೆ ಯಾರಾದರೂ ತೀರಿಕೊಂಡರೆ ಬಾಗಿಲಿಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು, ಆಮೇಲೆ ಶಾಂತಿ ಮಾಡಿಸಿ ಒಳಗೆ ಬರಬೇಕು. ಸ್ವಂತ ಮನೆಯವರು ಹೇಗೋ ನಿಭಾಯಿಸುತ್ತಾರೆ, ಬಾಡಿಗೆಯವರ ಪಾಡು ಕೇಳುವವರಾರು? ಭಟ್ಟರ ತಾಯಿ ಕಲ್ಯಾಣದ ಬಾಡಿಗೆ ಮನೆಯಲ್ಲಿ ಹೋದಾಗ ಮಾಲೀಕರು, ಅವರೂ ನಮ್ಮವರೇ, ಬಾಗಿಲಲ್ಲಿ ನಿಂತು ಮೊದಲು ಕೇಳಿದ್ದು, ‘ಭಟ್ರೇ, ನಕ್ಷತ್ರ ಯಾವುದು?’ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ ಭಟ್ಟರು ಹೇಳಿದರು, ‘ಶತಭಿಷ.’

ಅಷ್ಟೇ. ಕ್ರಿಯೆಯ ದಿನಗಳು ಮುಗಿಯುವ ಮೊದಲೇ ಪಾತ್ರೆಪಗಡಿ ಟೆಂಪೋ ಹತ್ತಿತು. ಹೊಸ ಮನೆ ಸಿಗುವವರೆಗೆ ಗಂಡಹೆಂಡತಿ ಒಂದು ಮದುವೆ ಹಾಲಿನ ಹಿಂದೆ, ಅಡುಗೆಯವರು ಮಲಗುವ ಕೋಣೆಯಲ್ಲಿ ಇದ್ದರು.

‘ಅಶ್ವಿನಿ ಅಂತ ಹೇಳಿದ್ರೆ ಇವರ ಗಂಟು ಎಂತ ಹೋಗ್ತಿತ್ತು?’ ಎಂದರು ಕಾಕು. ‘ಪಂಚಾಂಗ ಇವರ ಕೈಯಲ್ಲಿ, ಬಾಯಿ ಇವರದ್ದು. ಇವರಿಗೆ ಸುಳ್ಳು ಬರುದಿಲ್ಲ. ನಂಗೆ ಒಂದೇ ಆಸೆ ಮಾರಾಯ್ತಿ. ನಮ್ಮಿಬ್ಬರಲ್ಲಿ ಯಾರು ಮೊದಲು ಹೋದ್ರೂ, ಬಾಗಿಲಲ್ಲಿ ನಿಂತು ನಕ್ಷತ್ರ ಕೇಳುವವರು ಇರಬಾರ್ದು.’

ಆಗ ಅವರು ಡೊಂಬಿವಲಿ ಪೂರ್ವದಲ್ಲಿ ಒಂದು ಹಳೆಯ ನೆಲಮನೆಯ ಹಿಂಭಾಗದಲ್ಲಿದ್ದರು. ಮುಂಭಾಗದಲ್ಲಿ ಯಜಮಾನರ ಸಂಸಾರ, ಉಡುಪಿಯ ಹತ್ತಿರದವರು, ಹೋಟೆಲಿನವರು. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರು. ಒಂದೇ ಸೂರು, ಎರಡೂ ಕಡೆಯವರಿಗೆ ಒಂದೇ ಹೊಸಿಲು. ಯಜಮಾನರು ಕೆಟ್ಟವರಲ್ಲ; ಬಾಡಿಗೆ ತಡವಾದರೂ ತುಟಿ ಬಿಚ್ಚದವರು. ಆದರೆ ಭಟ್ಟರಿಗೆ ಕೆಮ್ಮು ಜೋರಾದ ದಿನ ಮಾತ್ರ ‘ಆರೋಗ್ಯ ಹೇಗುಂಟು ಭಟ್ರೇ?’ ಎನ್ನುತ್ತ ಬಂದು, ಗೋಡೆಯ ಕ್ಯಾಲೆಂಡರಿನ ಮೇಲೊಮ್ಮೆ ಕಣ್ಣು ಹಾಯಿಸುತ್ತಿದ್ದರು. ಭಟ್ಟರ ಕೆಮ್ಮು ಹಳೆಯದು. ಎಷ್ಟು ಮನೆಗಳ ಹೋಮದ ಹೊಗೆ ಕುಡಿದಿದ್ದರೋ, ಅದರ ಮೇಲೆ ಕಾರ್ಖಾನೆಗಳ ಕಡೆಯಿಂದ ಗಾಳಿ ತಿರುಗಿದಾಗ ಬರುವ ಆ ಔಷಧದಂಥ ನಾತ ಬೇರೆ.

ಆ ಸಮಯದಲ್ಲೇ ಪಶ್ಚಿಮದ ಕಡೆಯ ಒಂದು ಹೌಸಿಂಗ್ ಸೊಸೈಟಿಯ ಫ್ಲಾಟಿನಲ್ಲಿ ಒಬ್ಬ ಹಿರಿಯ ಹೆಂಗಸು ತೀರಿಕೊಂಡರು. ಕಾರ್ಕಳ ಕಡೆಯ ಕುಟುಂಬ. ಮಗ ನವಿ ಮುಂಬಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ತಾಯಿ, ಹೆಂಡತಿ ಎಲ್ಲ ಒಟ್ಟಿಗೇ ಇದ್ದರು. ಮಗನೇ ಭಟ್ಟರಿಗೆ ಫೋನು ಮಾಡಿ ನಕ್ಷತ್ರ ಕೇಳಿದ. ಭಟ್ಟರು ಪಂಚಾಂಗ ನೋಡಿ ಇದ್ದದ್ದನ್ನು ಹೇಳಿದರು. ಪೂರ್ವಾಭಾದ್ರ, ಮನೆ ಮುಚ್ಚಬೇಕು. ಅವರು ಬೀಗ ಹಾಕಿ ನೆರೂಲಿನಲ್ಲಿ ಬಾಡಿಗೆಗೆ ಹೋದರು. ಆಫೀಸು ಹತ್ತಿರವಾಯಿತು, ಆ ಊರೇ ಒಗ್ಗಿತು. ಅವಧಿ ಮುಗಿದು ಶಾಂತಿಯಾದರೂ ವಾಪಸು ಬರುವ ಮನಸ್ಸಾಗದೆ ಫ್ಲಾಟನ್ನು ಮಾರಾಟಕ್ಕಿಟ್ಟರು.

ಯಾರೂ ಬರಲಿಲ್ಲ. ನಮ್ಮವರಿಗೆ ಪಂಚಕದ ಭಯ. ಬೇರೆಯವರಿಗೆ, ಯಾಕೆ ಇಷ್ಟು ದಿನ ಬೀಗ ಬಿದ್ದಿದೆ ಎಂಬ ಗುಮಾನಿ. ಸೊಸೈಟಿಯವರ ಬಾಯಲ್ಲಿ ಅದು ‘ಬಂದ್ ಮನೆ’ ಆಯಿತು. ಬೆಲೆ ಇಳಿಯುತ್ತ ಬಂತು. ಇಳಿದು ಇಳಿದು, ಭಟ್ಟರು ಜೀವಮಾನವಿಡೀ ಕೂಡಿಟ್ಟದ್ದಕ್ಕೆ ಕಾಕುವಿನ ಬಂಗಾರ ಸೇರಿಸಿದರೆ ಕೈಗೆಟುಕುವಷ್ಟು ಹತ್ತಿರ ಬಂದಿತು. ಸಾಲದ ಮಾತೇ ಇರಲಿಲ್ಲ. ಬ್ಯಾಂಕಿನವರು ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ದಕ್ಷಿಣೆಗೆ ಸ್ಲಿಪ್ ಎಲ್ಲಿಂದ ತರುವುದು?

ಕಾಕು ನನ್ನ ಹತ್ತಿರ ಓಡಿಬಂದರು. ‘ನೀನು ಹೇಳು ಇವರಿಗೆ. ನಿನ್ನ ಬಾಯಿಗೆ ಹೆದರ್ತಾರೆ.’

ಹೋಗಿ ಹೇಳಿದೆ. ಭಟ್ಟರು ದರ್ಭೆ ಒಣಗಿಸುತ್ತ ಕೂತಿದ್ದರು.

‘ನಾನೇ ಬೀಗ ಹಾಕಿಸಿದ ಮನೆ ಅಕ್ಕಾವ್ರೇ’ ಎಂದರು.

‘ಅದಕ್ಕೇನಾತ್ರಿ? ನೀವೇ ಶಾಂತಿನೂ ಮಾಡೀರಲ್ಲ? ಈಗೂ ಮನಿಗೆ ದೋಷ ಅದ ಏನು?’

‘ಮನೆಗೆ ಎಂತದ್ದೂ ಇಲ್ಲ. ಇರುದು ಜನರ ಬಾಯಲ್ಲಿ.’

‘ಮತ್ತ? ಕಾಕು ಮುಖಾ ನೋಡ್ರಿ ಒಮ್ಮೆ. ನೋಡ್ಲಿಕ್ಕರ ಹೋಗೂಣ.’

ಕಾಕುವಿನ ಮುಖ ನೋಡಿದರು. ಆಮೇಲೆ ದರ್ಭೆ ಕಟ್ಟಿಟ್ಟು ಎದ್ದು ಅಂಗಿ ಹಾಕಿಕೊಂಡರು.

ಏಜೆಂಟ್ ಮರಾಠಿಯವನು, ಚುರುಕಿನ ಹುಡುಗ. ಹುಡುಗ ಎಂದರೆ ನಲವತ್ತರವನು. ಈ ಧಂದೆಯಲ್ಲಿ ಅವರಿಗೆ ವಯಸ್ಸಾಗುವುದಿಲ್ಲ. ಬೀಗ ತೆಗೆದ. ಬಾಗಿಲು ಉಬ್ಬಿ ಹಿಡಿದಿತ್ತು, ಹೆಗಲು ಕೊಟ್ಟು ನೂಕಬೇಕಾಯಿತು. ಒಳಗೆ ಮುಗ್ಗಲು ವಾಸನೆ. ನಲ್ಲಿ ತಿರುಗಿಸಿದರೆ ಮೊದಲು ತುಕ್ಕಿನ ಕೆಂಪು ನೀರು, ಆಮೇಲೆ ತಿಳಿ ನೀರು ಬಂತು. ಕಾಕು ಆ ನೀರಿನಲ್ಲೇ ಮುಖ ತೊಳೆದುಕೊಂಡರು. ಅಡುಗೆ ಕಟ್ಟೆಯನ್ನು ಗೇಣು ಹಾಕಿ ಅಳೆದು, ‘ಗ್ರೈಂಡರ್ ಇಲ್ಲಿ ಕೂರ್ತದೆ’ ಎಂದರು. ಗ್ಯಾಲರಿಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆಂದು ನೋಡಿ, ‘ತುಳಸಿ ಇಲ್ಲಿ’ ಎಂದರು. ಅಷ್ಟು ವರ್ಷದ ಪರಿಚಯದಲ್ಲಿ ಅವರು ಅಷ್ಟು ಚುರುಕಾಗಿ ಓಡಾಡಿದ್ದನ್ನು ನಾನು ಕಂಡಿರಲಿಲ್ಲ. ಭಟ್ಟರು ಮಾತ್ರ ಒಳಗೆ ಬರಲೇ ಇಲ್ಲ. ಚಪ್ಪಲಿ ಬಿಟ್ಟು ಹೊಸಿಲಿನ ಆಚೆಯೇ ನಿಂತಿದ್ದರು. ‘ಬನ್ನಿ ಮಾರಾಯ್ರೆ’ ಎಂದು ಕಾಕು ಕರೆದರೆ, ‘ನಮ್ಮದಾದ ಮೇಲೆ ಬರ್ತೇನೆ’ ಎಂದರು.

ಆಫರ್ ಕೊಡುವ ದಿನ ಬಂತು. ಇಲ್ಲಿ ಅದಕ್ಕೊಂದು ನಾಟಕ ಉಂಟು. ಏಜೆಂಟಿನ ಗೂಡಿನಂಥ ಆಫೀಸಿನಲ್ಲಿ ಎರಡೂ ಕಡೆಯವರನ್ನು ಎದುರು ಬದುರು ಕೂರಿಸುತ್ತಾರೆ, ಕಟಿಂಗ್ ಚಹಾ ತರಿಸುತ್ತಾರೆ. ಆಮೇಲೆ ಏಜೆಂಟ್ ಒಮ್ಮೆ ಇವರನ್ನು, ಒಮ್ಮೆ ಅವರನ್ನು ಹೊರಗೆ ಕರೆದು ಕಿವಿಯಲ್ಲಿ ಊದುತ್ತಾನೆ. ಮಾರುವವರು ಒಂದು ಬೆಲೆ ಹೇಳಬೇಕು, ಕೊಳ್ಳುವವರು ಮುಖ ಹುಳ್ಳಗೆ ಮಾಡಿ ಅದಕ್ಕಿಂತ ಬಹಳ ಕಡಿಮೆ ಹೇಳಬೇಕು, ಕೊನೆಗೆ ನಡುವೆ ಎಲ್ಲೋ ಬಂದು ನಿಲ್ಲಬೇಕು. ನಮ್ಮ ಮನೆ ಕೊಳ್ಳುವಾಗ ನಾನು ಈ ನಾಟಕದಲ್ಲಿ ಎರಡು ಸಲ ಎದ್ದು ಹೊರಟಂತೆ ಮಾಡಿದ್ದೆ. ಆ ಅನುಭವದ ಬಲದ ಮೇಲೆಯೇ ಕಾಕು ನನ್ನನ್ನು ಜೊತೆಗೆ ಕರೆದೊಯ್ದದ್ದು.

ಏಜೆಂಟ್ ಮೊದಲು ನಮ್ಮನ್ನೇ ಹೊರಗೆ ಕರೆದ. ‘ಗುರೂಜಿ, ಸಾವಿನ ವಿಷಯ ಎತ್ತಿ. ಬಂದ್ ಮನೆ, ಯಾರೂ ತೆಗೆದುಕೊಳ್ಳುತ್ತಿಲ್ಲ ಅನ್ನಿ. ಪಾರ್ಟಿ ಬೇಸತ್ತಿದ್ದಾನೆ, ಇನ್ನೂ ಇಳಿಯುತ್ತಾನೆ’ ಎಂದು ಹಿಂದಿಯಲ್ಲಿ ಪಿಸುಗುಟ್ಟಿದ. ಭಟ್ಟರು ಅವನನ್ನು ದಾಟಿ ಒಳಗೆ ಹೋದರು.

ಒಳಗೆ ಆ ಮಗ ಕೂತಿದ್ದ. ನಿಜಕ್ಕೂ ಬೇಸತ್ತ ಮುಖ. ತಾನಾಗಿ ಬೆಲೆ ಹೇಳಿದ. ನಾವು ಅಂದುಕೊಂಡದ್ದಕ್ಕಿಂತಲೂ ಕಡಿಮೆ! ಕಾಕು ನನ್ನ ಕೈ ಹಿಡಿದು ಹಿಸುಕಿದರು. ಹೂಂ ಎಂದರೆ ಮುಗಿಯಿತು. ಒಂದು ಹೂಂ.

ಭಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ‘ಕಡಿಮೆ ಆಯ್ತಲ್ಲ’ ಎಂದರು.

‘ಏನು ಕಡಿಮೆ?’ ಎಂದ ಮಗ.

‘ನೀವು ಹೇಳಿದ ಬೆಲೆ. ನಿಮ್ಮ ಪಕ್ಕದ ಫ್ಲಾಟು ಮೊನ್ನೆ ಎಷ್ಟಕ್ಕೆ ಹೋಯ್ತೋ ಅಷ್ಟು ನಾನು ಕೊಡ್ತೇನೆ. ಚೂರು ಸಮಯ ಕೊಡಿ. ಊರಿನ ಜಾಗದಲ್ಲಿ ನನ್ನ ಪಾಲು ಉಂಟು, ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು ಹೊಂದಿಸ್ತೇನೆ.’

ಚಹಾದ ಲೋಟ ಹಿಡಿದ ಏಜೆಂಟ್ ಅಲ್ಲೇ ನಿಂತ. ‘ಗುರೂಜಿ, ಕಾಯ್ ಬೋಲತಾಯ್ ತುಮ್ಹಿ?’ ಎಂದು ಮರಾಠಿಯಲ್ಲೇ ಉದ್ಗರಿಸಿದ. ಏನು ಹೇಳ್ತಿದ್ದೀರಿ ನೀವು ಎಂಬ ಅದೇ ಮಾತು ನನ್ನ ಬಾಯಿಗೂ ಬಂತು. ಬಂದಾಗ ನನ್ನ ದನಿ ಗೂಡಿನಾಚೆಯ ರಸ್ತೆಗೂ ಕೇಳಿಸಿರಬೇಕು.

‘ಭಟ್ರ, ತಲಿ ಕೆಟ್ಟದೇನ್ರಿ ನಿಮಗ? ಅವರು ಕಡಿಮಿ ಹೇಳ್ಯಾರ, ನೀವು ಸುಮ್ನ ಹೂಂ ಅನ್ರಿ! ತಗೊಳ್ಳಾವರು ಯಾರರ ಜಾಸ್ತಿ ಕೊಡ್ತೀನಂತ ಹೇಳ್ತಾರೇನು?’

‘ಸ್ವಲ್ಪ ಇರಿ ಅಕ್ಕಾವ್ರೇ.’ ಅವರ ದನಿ ಏರಲೇ ಇಲ್ಲ. ಆ ಮಗನ ಕಡೆ ತಿರುಗಿ ಹೇಳಿದರು: ‘ನಿಮ್ಮ ತಾಯಿ ಹೋದಾಗ ನಕ್ಷತ್ರ ಹೇಳಿದ್ದು ನಾನು. ಬೀಗ ಹಾಕಿ ಅಂದದ್ದು ನಾನು. ಈ ಬೆಲೆ ಇಳಿದದ್ದು ನನ್ನ ಮಾತಿನಿಂದ. ಆ ಬೆಲೆಗೆ ನಾನೇ ತೆಗೊಂಡ್ರೆ, ನಾಳೆ ಇನ್ನೊಬ್ಬರ ಮನೆಯಲ್ಲಿ ಸಾವಾದಾಗ ನಾನು ಯಾವ ಬಾಯಲ್ಲಿ ನಕ್ಷತ್ರ ಹೇಳುದು?’

ಕಾಕು ನನ್ನ ಕೈ ಬಿಟ್ಟರು.

ಆ ಮಗ ಭಟ್ಟರನ್ನೇ ನೋಡಿದ. ಅವನ ಕಣ್ಣಿನಲ್ಲಿ ಗೌರವ ಮೂಡಿತು ಎಂದು ಬರೆಯಲು ನನಗೂ ಆಸೆ. ಮೂಡಿದ್ದು ಅನುಮಾನ. ‘ಮನೆಯವಳ ಹತ್ರ ಒಂದು ಮಾತು ಕೇಳ್ತೇನೆ ಭಟ್ರೇ’ ಎಂದು ಎದ್ದು ಹೋದ.

ಆಮೇಲೆ ನಡೆದದ್ದನ್ನು ಏಜೆಂಟ್ ಹಣೆ ಚಚ್ಚಿಕೊಳ್ಳುತ್ತ ನನಗೆ ಫೋನಿನಲ್ಲಿ ಹೇಳಿದ. ಮನೆ ಕೊಳ್ಳುವವನು ತಾನಾಗಿ ಬೆಲೆ ಏರಿಸಿದ್ದಾನೆ ಎಂದರೆ ಅವನಿಗೆ ಏನೋ ಗೊತ್ತಿದೆ ಎಂದು ಆ ಗಂಡಹೆಂಡತಿ ಲೆಕ್ಕ ಹಾಕಿದ್ದಾರೆ. ಈ ಭಟ್ಟರು ಎಲ್ಲರ ಮನೆಗೂ ಹೋಗುವವರು, ಸೊಸೈಟಿಯ ಚೇರ್‌ಮನ್ನರ ಮನೆಯಲ್ಲೂ ಸತ್ಯನಾರಾಯಣ ಪೂಜೆ ಮಾಡಿಸುವವರು. ಹಾಗಾದರೆ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋಗುತ್ತಿರಬೇಕು, ಹಳೆಯದನ್ನು ಕೆಡವಿ ಹೊಸದು ಕಟ್ಟಿ ದೊಡ್ಡ ಮನೆ ಕೊಡುತ್ತಿರಬೇಕು! ಚೇರ್‌ಮನ್ನರಿಗೆ ಫೋನು ಮಾಡಿ ಕೇಳಿದರು. ಯಾವ ಚೇರ್‌ಮನ್ ತಾನೆ ಇಲ್ಲವೆಂದಾನು? ‘ಮಾತುಕತೆ ನಡೀತಾ ಇದೆ’ ಎಂದರಂತೆ. ಇಲ್ಲಿ ಎಲ್ಲ ಹಳೆಯ ಬಿಲ್ಡಿಂಗಿನಲ್ಲೂ ಆ ಮಾತುಕತೆ ಸದಾ ನಡೆಯುತ್ತಲೇ ಇರುತ್ತದೆ. ಅಷ್ಟು ಸಾಕಾಯಿತು. ಮಾರುವುದಿಲ್ಲ ಎಂದುಬಿಟ್ಟರು.

ಭಟ್ಟರು ಸ್ವಂತಕ್ಕೆಂದು ಬೆಲೆ ಹೇಳಿದ ಮೊದಲ ಮನೆ ಅದು. ಕೊನೆಯದೂ ಅದೇ. ಕಾಕು ಅತ್ತದ್ದನ್ನು ನಾನು ನೋಡಲಿಲ್ಲ. ಅವರು ಬಹಳ ದಿನ ಗಂಡನ ಜೊತೆ ಮಾತಾಡಲಿಲ್ಲ. ತಾಟಿಗೆ ಬಡಿಸಿ ಬಂದು ಹೊರಗೆ ಕೂರುತ್ತಿದ್ದರು. ಒಂದು ದಿನ ಮಾತ್ರ ನನ್ನೆದುರೇ ಅಂದರು, ‘ಇವರ ಮರ್ಯಾದೆಗೆ ಬೆಲೆ ತೆತ್ತದ್ದು ನಾನು.’ ಭಟ್ಟರು ಕೇಳಿಸಿಕೊಂಡರು. ಇಟ್ಟಿಗೆ ಚೀಲ ಹೆಗಲಿಗೇರಿಸಿ ಯಾರದೋ ಗೃಹಪ್ರವೇಶಕ್ಕೆ ಹೊರಟರು. ನನಗೆ ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಈಗಲೂ ಪೂರ್ತಿ ಇಳಿದಿಲ್ಲ. ಇಷ್ಟು ಒಳ್ಳೆಯವರಾಗಿರಲು ಆ ಮನುಷ್ಯನಿಗೆ ಏನು ಹಕ್ಕಿತ್ತು, ಹೆಂಡತಿಯ ತಲೆಯ ಮೇಲಿನ ಸೂರನ್ನು ಅಡವಿಟ್ಟು?

ಮುಂದಿನ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿಯಿತು. ಶ್ವಾಸಕೋಶ ಒಣಗಿದೆ, ಬಹಳ ದಿನ ಇಲ್ಲ ಎಂದರು ಡಾಕ್ಟರು. ಮನೆಯಲ್ಲೇ ಆಕ್ಸಿಜನ್ ಇಟ್ಟು ಮಲಗಿಸಿದರು. ಅದೇ ವೇಳೆಗೆ ಯಜಮಾನರ ಮಗಳ ಮದುವೆ ಹತ್ತಿರ ಬಂದಿತ್ತು. ಮುಹೂರ್ತ ಇಟ್ಟುಕೊಟ್ಟವರೂ ಭಟ್ಟರೇ! ದೇವಕಾರ್ಯ, ಅರಸಿನ ಎಲ್ಲ ಮನೆಯಲ್ಲೇ ಆಗಬೇಕು. ಹಿಂಭಾಗದಲ್ಲಿ ಪಂಚಕದ ಸಾವಾದರೆ ಒಂದೇ ಹೊಸಿಲಿನ ಆ ಇಡೀ ಮನೆಗೆ ಬೀಗ.

ಒಂದು ಸಂಜೆ ನಾನು ಹೋದಾಗ ಯಜಮಾನರು ಕ್ಯಾಲೆಂಡರಿನ ಮುಂದೆ ನಿಂತಿದ್ದರು. ನನ್ನ ನಾಲಿಗೆ ತಡೆಯಲಿಲ್ಲ. ‘ಏನ್ರೀ, ಭಟ್ರನ್ನ ನೋಡ್ಲಿಕ್ಕೆ ಬಂದೀರೋ ಕ್ಯಾಲೆಂಡರ್ ನೋಡ್ಲಿಕ್ಕೆ ಬಂದೀರೋ?’

ಅವರ ಕಣ್ಣು ತುಂಬಿತು. ‘ನಾನು ಎಂತ ಮಾಡ್ಲಿ ಅಮ್ಮ, ನಂದೂ ಒಬ್ಬಳೇ ಮಗಳು’ ಎಂದರು.

ಭಟ್ಟರು ಮಲಗಿದ್ದಲ್ಲಿಂದ ಕೈಯೆತ್ತಿ ಇಬ್ಬರನ್ನೂ ಸುಮ್ಮನಿರಿಸಿದರು. ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದರು. ‘ನಾಳೆಯಿಂದ ಪಂಚಕ. ಐದು ದಿನ ಸರಿ ಇಲ್ಲ. ನನ್ನನ್ನು ಆಸ್ಪತ್ರೆಗೆ ಹಾಕಿ. ಆಸ್ಪತ್ರೆಗೆ ಹೊಸಿಲಿಲ್ಲ.’

‘ಆಸ್ಪತ್ರೆ ಯಾಕ್ರಿ? ನಮ್ಮನಿಗೆ ಬರ್ರಿ’ ಎಂದೆ. ‘ನಮ್ಮದು ಸ್ವಂತ ಮನಿ. ನಾಕು ತಿಂಗಳು ಬೀಗ ಬಿದ್ರ ಬೀಳಲಿ. ನಾ ಯಾರಿಗೂ ಹೆದರೂದಿಲ್ಲ.’

ಅವರು ನನ್ನನ್ನು ನೋಡಿ ನಕ್ಕರು. ಅದು ನಗುವೋ ಉಸಿರಿನ ತಿಣುಕಾಟವೋ ಗೊತ್ತಾಗಲಿಲ್ಲ. ‘ಮನೆ ಒಕ್ಕಲು ಮಾಡಿಸಿದವನೇ ಮುಚ್ಚಿಸುದಾ ಅಕ್ಕಾವ್ರೇ? ಬೇಡ.’

ಮರುದಿನ ಬೆಳಗ್ಗೆ ಆಂಬುಲೆನ್ಸ್ ಬಂತು. ಯಜಮಾನರೇ ಒಂದು ಕಡೆ ಹಿಡಿದು ಎತ್ತಿದರು. ಸರಕಾರಿ ಆಸ್ಪತ್ರೆಯ ಜನರಲ್ ವಾರ್ಡು, ಒಂದು ಮಂಚಕ್ಕೂ ಇನ್ನೊಂದಕ್ಕೂ ನಡುವೆ ಕಾಲಿಡಲು ಜಾಗವಿಲ್ಲ. ಕಾಕು ಮಂಚದ ಕೆಳಗೆ ಚಾಪೆ ಹಾಸಿಕೊಂಡರು. ಮಾತು ಬಿಟ್ಟಿದ್ದವರು ಅಲ್ಲಿ ಮಾತಾಡಿದರು. ಊರಿನ ಬಾವಿ, ತಮ್ಮ ಮದುವೆಯ ಊಟ, ಬಾಡಿಗೆ ಮನೆಗಳ ಒಲೆಗಳು ಹೀಗೆ ಏನೇನೋ. ಭಟ್ಟರು ಕೇಳುತ್ತ ಮಲಗಿದ್ದರು. ದಿನವೂ ಬೆಳಗ್ಗೆ ನನ್ನನ್ನು ಕೇಳುವುದು ಒಂದೇ ಮಾತು, ‘ಇವತ್ತು ಯಾವುದು?’ ನಾನು ಮೊಬೈಲಿನಲ್ಲಿ ನೋಡಿ ಹೇಳುತ್ತಿದ್ದೆ. ಉತ್ತರಾಭಾದ್ರ. ರೇವತಿ. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ರೇವತಿಯ ಮರುದಿನ ಉಸಿರು ಸ್ವಲ್ಪ ಹಗುರಾದಂತೆ ಕಂಡಿತು. ಇನ್ನು ಇಲ್ಲಿ ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಕಾಕು ಹಾಸಿಗೆ ಬಿಸಿಲಿಗೆ ಹಾಕಿ ಮನೆ ಗುಡಿಸಿಡಲು ಮುಂದಾಗಿ ಹೋದರು. ಡಿಸ್ಚಾರ್ಜಿಗೆ ಕಾಯುತ್ತ ನಾನು ಭಟ್ಟರ ಪಕ್ಕ ಕೂತಿದ್ದೆ.

‘ಇವತ್ತು ಯಾವುದು ಅಕ್ಕಾವ್ರೇ?’

‘ಅಶ್ವಿನಿ ರೀ ಭಟ್ರ. ಪಂಚಕ ಮುಗೀತು.’

‘ಮುಗೀತಲ್ಲ. ಹಾಗಾದ್ರೆ ಮನೆಗೆ ಹೋಗುವ’ ಎಂದರು. ಬಲ ಹೆಗಲನ್ನು ಮೇಲಕ್ಕೆತ್ತಲು ನೋಡಿದರು, ಚೀಲ ಏರಿಸಿಕೊಳ್ಳುವಾಗ ಮಾಡುತ್ತಿದ್ದರಲ್ಲ, ಹಾಗೆ. ಅದು ಅಲ್ಲಿಗೇ ನಿಂತಿತು. ನಾನು ನರ್ಸನ್ನು ಕೂಗಿದೆ. ನನ್ನ ದೊಡ್ಡ ಗಂಟಲು ಅವತ್ತು ಯಾವ ಕೆಲಸಕ್ಕೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಹೋದವರ ದೇಹವನ್ನು ಹೊಸಿಲು ದಾಟಿಸಿ ಒಳಗೆ ತರುವ ಪದ್ಧತಿ ಅವರಲ್ಲಿಲ್ಲ. ಯಜಮಾನರ ಅಂಗಳದಲ್ಲಿ, ಸಿಮೆಂಟಿನ ಮೇಲೆ, ಮದುವೆಗೆಂದು ತರಿಸಿದ್ದ ಹೊಸ ಚಾಪೆ ಹಾಸಿ ಮಲಗಿಸಿದರು. ಒಳಗೆ ಗುಡಿಸಿದ ನೆಲ, ಬಿಸಿಲಿಗೆ ಹಾಕಿ ತಂದು ಹಾಸಿದ ಹಾಸಿಗೆ ಹಾಗೇ ಇದ್ದವು. ಕಾಕು ನನ್ನನ್ನು ಕೇಳಿದರು, ‘ಅಶ್ವಿನಿಯಾ?’

‘ಹೌದು ಕಾಕು.’

‘ಅಶ್ವಿನಿಗೆ ಎಂತದ್ದೂ ದೋಷ ಇಲ್ಲ. ಮನೆಯಲ್ಲೇ ಹೋಗಬಹುದಿತ್ತು’ ಎಂದರು. ಬಾಗಿಲಲ್ಲಿ ನಿಂತು ನಕ್ಷತ್ರ ಮಾತ್ರ ಯಾರೂ ಕೇಳಲಿಲ್ಲ; ಕೇಳುವ ಅಗತ್ಯ ಬೀಳಲಿಲ್ಲ.

ಬಂದ್ ಮನೆ ಇನ್ನೂ ಬಂದ್ ಆಗಿಯೇ ಇದೆ. ರೀಡೆವಲಪ್‌ಮೆಂಟಿನ ಮಾತುಕತೆಯೂ ನಡೆಯುತ್ತಲೇ ಇದೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಆ ಗ್ಯಾಲರಿಯತ್ತ ನೋಡುವುದಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಯಜಮಾನರು, ಎಷ್ಟು ದಿನ ಬೇಕಾದರೂ ಇರಿ ಎಂದು ಕಾಕುವಿಗೆ ಕೈಮುಗಿದರು. ಕಾಕು ಕರಾರು ಮುಗಿಯುವ ತಿಂಗಳಿಗೆ ಸರಿಯಾಗಿ ಬೀಗದ ಕೈ ಕೊಟ್ಟುಬಿಟ್ಟರು. ನಾನೂ ನನ್ನ ಗಂಡನೂ ಹೋಗಿ ಕರೆದೆವು. ಬರಲು ಒಪ್ಪಿ, ಗ್ರೈಂಡರ್ ಮಾರಿ, ಎರಡು ಸೂಟ್‌ಕೇಸು, ತುಳಸಿಯ ಕುಂಡ ಮತ್ತು ಆ ರೆಕ್ಸಿನ್ ಚೀಲ ಹಿಡಿದು ಮೂರನೆಯ ಮಾಳಿಗೆ ಹತ್ತಿ ಬಂದರು. ಆ ದಿನವೂ ಲಿಫ್ಟ್ ಕೆಟ್ಟಿತ್ತು. ಚೀಲ ನಾನು ಹೊತ್ತೆ. ಅರ್ಧ ದಾರಿಗೇ ನನ್ನ ಹೆಗಲು ಕಿತ್ತುಬಂತು. ಇದನ್ನು ಹೊತ್ತು ಆ ಮನುಷ್ಯ ಎಷ್ಟು ಜನರನ್ನು ಎಷ್ಟು ಮನೆಗಳ ಒಳಗೆ ಕಳಿಸಿದರು!

ಕಾಕು ನಮ್ಮ ಬಾಗಿಲ ತನಕ ಬಂದು ನಿಂತುಬಿಟ್ಟರು. ಒಳಗೆ ಬರಲಿಲ್ಲ.

‘ಮೊದಲೇ ಕೇಳ್ತೇನೆ, ಬೇಜಾರು ಮಾಡ್ಬೇಡ’ ಎಂದರು. ‘ನಾನು ಇಲ್ಲೇ ಸತ್ರೆ? ಕೆಟ್ಟ ನಕ್ಷತ್ರದಲ್ಲಿ ಸತ್ರೆ?’

ನಾನು ಚೀಲ ಕೆಳಗಿಟ್ಟೆ. ಗೃಹಪ್ರವೇಶದ ದಿನ ಭಟ್ಟರು ನಿಂತದ್ದು ಅದೇ ಜಾಗದಲ್ಲಿ.

‘ಸಾಯ್ರಿ ಕಾಕು’ ಎಂದೆ. ‘ಯಾವ ನಕ್ಷತ್ರದಾಗ ಬೇಕೋ ಅದ್ರಾಗ ಸಾಯ್ರಿ. ಇದು ನಮ್ಮ ಹೊಸಿಲು, ನಿಮ್ಮದೂ. ಯಾರ ಅಪ್ಪಣೆನೂ ಬ್ಯಾಡಂತ ನಿಮ್ಮನಿಯವ್ರ ಹೇಳಿ ಹೋಗ್ಯಾರ.’

ಅಲ್ಲಿಯವರೆಗೆ ಅಳದವರು ಆ ಹೊಸಿಲ ಮೇಲೆ ಕೂತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಬಲಗಾಲಿಟ್ಟು ಒಳಗೆ ಬಂದರು.